ಫೋಕ್-ಒನ್ ಪರೀಕ್ಷೆಯೂ ವಾರದ ಪೊಟ್ಟಣವೂ

ತುಮಕೂರು, 12 ಜನವರಿ 2025, ಭಾನುವಾರ

ಪಾರ್ಕಿನ್‌ಸನ್ ಇರುವವರು ವಿಟಮಿನ್ ಡಿ ಜೀನ್ ಪರೀಕ್ಷೆ ಮಾಡಿಸಬೇಕೇ? ಬೇಡ. ಯಾಕೆಂಬುದನ್ನು ಇವತ್ತು ಬರೆದಿಡುತ್ತಿದ್ದೇವೆ.

ವಿಟಮಿನ್ ಡಿ ಕೆಲಸ ಮಾಡಲು ಜೀವಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕ ಇರಬೇಕು. ಆ ಗ್ರಾಹಕದ ಜೀನ್ 12ನೇ ಕ್ರೋಮೋಸೋಮಿನಲ್ಲಿದೆ. ಅದರ ಫೋಕ್-ಒನ್ ಎಂಬ ಜಾಗದಲ್ಲಿ ಒಂದೇ ಅಕ್ಷರದ ವ್ಯತ್ಯಾಸ: 'ಟಿ' ಇದ್ದರೆ 427 ಅಮೈನೋ ಆಮ್ಲಗಳ ಉದ್ದನೆಯ ಗ್ರಾಹಕ, 'ಸಿ' ಇದ್ದರೆ 424ರ ಗಿಡ್ಡದ್ದು. ಗಿಡ್ಡದ್ದೇ ಚುರುಕು. 2013ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ 114 ರೋಗಿಗಳಿದ್ದರು. ಒಂದು ಗುಂಪಿಗೆ 12 ತಿಂಗಳು ದಿನಕ್ಕೆ 1,200 ಯೂನಿಟ್ ಡಿ3, ಇನ್ನೊಂದಕ್ಕೆ ಹುಸಿ ಗುಳಿಗೆ. ಪ್ರತಿ ಜೀನ್ ತಾಯಿಯಿಂದೊಂದು, ತಂದೆಯಿಂದೊಂದು ಎಂದು ಎರಡು ಪ್ರತಿ ಇರುತ್ತದೆ. ಎರಡೂ ಪ್ರತಿ 'ಟಿ' ಇದ್ದವರಲ್ಲಿ ಕಾಯಿಲೆ ಮುಂದುವರಿಯದೆ ನಿಂತಂತೆ ಕಂಡಿತು, ಎರಡೂ 'ಸಿ' ಇದ್ದವರಿಗೆ ಉಪಯೋಗವಾಗಲಿಲ್ಲ. ಆದರೆ 114 ಜನರನ್ನು ಎರಡು ಗುಂಪು, ಮೂರು ಜೀನ್ ಬಗೆ (ಎರಡೂ 'ಟಿ', ಎರಡೂ 'ಸಿ', ಒಂದೊಂದು) ಎಂದು ಹಂಚಿದರೆ ಒಂದೊಂದರಲ್ಲಿ ಸರಾಸರಿ 19 ಮಂದಿ. ಅಷ್ಟನ್ನು ನಂಬಿ ಚಿಕಿತ್ಸೆ ಬದಲಿಸಲಾಗದು. ಹುಟ್ಟಿನಿಂದಲೇ ಡಿ ಕಡಿಮೆಯಾಗಿಸುವ ಜೀನ್ ಪಡೆದವರಿಗೆ ಪಾರ್ಕಿನ್‌ಸನ್ ಹೆಚ್ಚು ಬರುತ್ತದೆಂದೂ ಹುಟ್ಟಿನಿಂದ ಬಂದ ಜೀನ್‌ಗಳನ್ನೇ ಹೋಲಿಸಿ ನೋಡುವ ಮೆಂಡೆಲಿಯನ್ ಅಧ್ಯಯನ ತೋರಿಸಲಿಲ್ಲ.

ಡಿ ಬೇಕಿರುವುದು ಮೂಳೆಗೆ. ಈ ಕಾಯಿಲೆಯವರು ತಡವರಿಸಿ ಬೀಳುವುದು ಹೆಚ್ಚು, ಬಿದ್ದರೆ ಸೊಂಟದ ಮೂಳೆ. ಪಾವಗಡದ ಕಡೆಯವರಾದರೆ ಇನ್ನೊಂದು ತೊಡಕು: ಫ್ಲೋರೈಡ್ ನೀರು ಕುಡಿದ ಮೂಳೆ ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಾಣುತ್ತದೆ, ಆದರೆ ಪೆಟ್ಟು ಬಿದ್ದರೆ ಮುರಿಯುತ್ತದೆ.

ರಕ್ತದ ಡಿ ರಿಪೋರ್ಟಿನಲ್ಲಿ ಮೊದಲು ಯಾವ ಅಳತೆ ಎಂದು ನೋಡಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಕೆಲವು ಲ್ಯಾಬುಗಳು ಲೀಟರಿಗೆ ನ್ಯಾನೋಮೋಲ್ ಎಂದು ಕೊಡುತ್ತವೆ; ಅದನ್ನು 2.5ರಿಂದ ಭಾಗಿಸಬೇಕು. 40 ಎಂದರೆ ಪರವಾಗಿಲ್ಲ ಅಂದುಕೊಂಡರೆ, ಅದು 16!

ಎಡವಟ್ಟು ಹೆಚ್ಚಾಗುವುದು ಪೊಟ್ಟಣದಲ್ಲಿ. 60,000 ಯೂನಿಟ್ಟಿನ ಡಿ ಪುಡಿಯ ಪೊಟ್ಟಣ ವಾರಕ್ಕೊಂದರಂತೆ 8 ವಾರಕ್ಕೆ 4.8 ಲಕ್ಷ ಯೂನಿಟ್. ಉಳಿದ ಮಾತ್ರೆಗಳ ಜೊತೆ ಅದನ್ನೂ ದಿನಾ ಕುಡಿದರೆ 33.6 ಲಕ್ಷ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕು. ಮಲಬದ್ಧತೆ ಪಾರ್ಕಿನ್‌ಸನ್‌ನಲ್ಲಿ ಇದ್ದದ್ದೇ ಅಲ್ಲವಾ ಎಂದು ಯಾರೂ ಅನುಮಾನಿಸುವುದಿಲ್ಲ. ನಿಲ್ಲಿಸಿದರೂ ತಕ್ಷಣ ಇಳಿಯದು, ಡಿ ಕೊಬ್ಬಿನಲ್ಲಿ ಕೂತಿರುತ್ತದೆ. ಪೊಟ್ಟಣಗಳನ್ನು ಮಾತ್ರೆ ಡಬ್ಬಿಯಲ್ಲಿಡದೆ, ಕ್ಯಾಲೆಂಡರಿನ ಒಂದೊಂದು ಭಾನುವಾರಕ್ಕೆ ಪಿನ್ ಮಾಡಿ.

ಎಳೆಬಿಸಿಲು ಮೈಗೆ ಹಿತ, ಡಿಗೆ ಸಾಲದು. ನೆರಳು ನಿಮ್ಮೆತ್ತರಕ್ಕಿಂತ ಗಿಡ್ಡವಾಗಬೇಕು: ಈ ಸಂಕ್ರಾಂತಿ ಹೊತ್ತಿನಲ್ಲಿ ನಮ್ಮೂರಲ್ಲಿ ಸುಮಾರು ಹತ್ತೂವರೆಯಿಂದ ಎರಡೂವರೆ. ಕಿಟಕಿ ಗಾಜಿನ ಹಿಂದೆ ಕೂತರೆ ಲೆಕ್ಕಕ್ಕಿಲ್ಲ.

ಪೊಟ್ಟಣ ಕುಡಿಯುವುದು ತುಪ್ಪವೋ ಎಣ್ಣೆಯೋ ಇರುವ ಊಟದ ಮೇಲೆ. ಪಾರ್ಕಿನ್‌ಸನ್‌ನ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರ ಊಟಕ್ಕೆ ಅರ್ಧ ಗಂಟೆ ಮುಂಚೆ, ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ. ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನದ ಮಾತ್ರೆ 'ಹಿಡಿಯಲಿಲ್ಲ' ಅನ್ನುವವರು ಡೋಸು ಏರಿಸುವ ಮುಂಚೆ ಹಿತಕಿದ ಬೇಳೆ ಸಾರನ್ನು ರಾತ್ರಿಗೆ ಸರಿಸಿ ನೋಡಲಿ. ಅದರ ಪ್ರೋಟೀನು ಲೆವೊಡೋಪಾದ ದಾರಿಗೆ ಅಡ್ಡ ನಿಲ್ಲುತ್ತದೆ.