ನನಗೆ ಮಾತ್ರ ಹೀಗಾಗುತ್ತದೆಯೇ?

ಈ ಪ್ರಶ್ನೆ ಬರುವ ಮೊದಲೇ ನನಗೆ ಅದರ ಸುಳಿವು ಸಿಕ್ಕಿಬಿಡುತ್ತದೆ. ತರಗತಿ ಮುಗಿದು ಎಲ್ಲರೂ ಎದ್ದರೂ ಒಬ್ಬರು ಉಳಿದುಕೊಳ್ಳುತ್ತಾರೆ. ಚೀಲದ ಜಿಪ್ ಎಳೆಯುತ್ತಾರೆ, ಏನೋ ಮರೆತವರಂತೆ ಮತ್ತೆ ತೆರೆಯುತ್ತಾರೆ, ಒಳಗೆ ಕೈಹಾಕಿ ಏನನ್ನೂ ತೆಗೆಯದೆ ಮುಚ್ಚುತ್ತಾರೆ. ಕೊನೆಯ ಬೆಂಚಿನವರೂ ಬಾಗಿಲು ದಾಟಿದ ಮೇಲೆ ಮೇಜಿನ ಹತ್ತಿರ ಬಂದು ದನಿ ತಗ್ಗಿಸುತ್ತಾರೆ. "ಮೇಡಂ, ಒಂದು ವಿಷಯ ಕೇಳುತ್ತೇನೆ, ನಗಬಾರದು. ನನಗೆ ಮಾತ್ರ ಹೀಗಾಗುತ್ತದೆಯೇ?"

ಮನಃಶಾಸ್ತ್ರ ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡವಳಿಗೆ ಇದು ತಪ್ಪಿದ್ದಲ್ಲ. ವಿದ್ಯಾರ್ಥಿಗಳು ಕೇಳುತ್ತಾರೆ, ನೆಂಟರು ಫೋನಿನಲ್ಲಿ ಕೇಳುತ್ತಾರೆ, ಲಿಫ್ಟಿನಲ್ಲಿ ಜೊತೆಯಾದ ನೆರೆಯವರು ಎರಡು ಮಹಡಿ ಏರುವಷ್ಟರಲ್ಲಿ ಕೇಳುತ್ತಾರೆ. ನನ್ನ ರಕ್ತದೊತ್ತಡ ನೋಡುತ್ತಿದ್ದ ವೈದ್ಯರೊಬ್ಬರು ಪಟ್ಟಿ ಬಿಚ್ಚುತ್ತಾ ಕೇಳಿದ್ದರು. ‘ಹೀಗೆ’ ಎಂದರೆ ಹೇಗೆ ಎನ್ನುವುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ನಿದ್ದೆ ಹತ್ತುವ ಹೊತ್ತಿಗೆ ಮೆಟ್ಟಿಲು ತಪ್ಪಿದಂತಾಗಿ ಮೈಯೆಲ್ಲ ಜಗ್ಗನೆ ಅದುರುವುದು. ಬೀಗ ಹಾಕಿದ್ದು ಚೆನ್ನಾಗಿ ಗೊತ್ತಿದ್ದರೂ ಹಿಂದಿರುಗಿ ಬಂದು ಎಳೆದು ನೋಡುವುದು. ಗೆಳತಿಗೆ ಬಡ್ತಿ ಸಿಕ್ಕಿತು ಎಂದು ಕೇಳಿದಾಗ, ಅಭಿನಂದನೆ ಬಾಯಿಗೆ ಬರುವ ಮೊದಲಿನ ಅರೆಗಳಿಗೆಯಲ್ಲಿ ಒಳಗೆಲ್ಲೋ ಚುರುಕ್ ಎನ್ನುವುದು. ಎದುರಿನವರು ಕೈಬೀಸಿದರೆಂದು ತಾವೂ ಬೀಸಿ, ಅದು ತಮ್ಮ ಹಿಂದೆ ನಿಂತವರಿಗೆ ಎಂದು ಗೊತ್ತಾದ ಮೇಲೆ ಮೇಲೆತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಳ್ಳುವುದು.

ಇಲ್ಲ, ನಿಮಗೆ ಮಾತ್ರವಲ್ಲ. ಚಿಕ್ಕ ಉತ್ತರ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ನಿದ್ದೆಯಲ್ಲಿ ಮೈ ಅದುರುವುದಂತೂ ಹತ್ತರಲ್ಲಿ ಆರೇಳು ಮಂದಿಗೆ ಎಂದಾದರೂ ಆಗುವಂಥದ್ದು. ಆದರೆ ಇಷ್ಟು ಸಾಮಾನ್ಯವಾದದ್ದು ತಮ್ಮೊಬ್ಬರ ಪಾಡು ಎಂದು ಇಷ್ಟೊಂದು ಜನಕ್ಕೆ ಏಕೆ ಅನ್ನಿಸಬೇಕು? ನನ್ನ ತಲೆ ತಿಂದಿರುವುದು ಈ ಪ್ರಶ್ನೆ.

ಒಂದು ಅನುಭವದ ಬಗ್ಗೆ ಮಾತ್ರ ಯಾರೂ ನನ್ನನ್ನು ದನಿ ತಗ್ಗಿಸಿ ಕೇಳಿಲ್ಲ. ಗೊತ್ತಿರುವ ಹೆಸರೇ ಹೊತ್ತಿಗೆ ಬಾರದೆ ಸತಾಯಿಸುವ ಅನುಭವ ಅದು. ಎಲ್ಲರೆದುರೇ, ಸಂಕೋಚವಿಲ್ಲದೆ, "ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ" ಎನ್ನುತ್ತೇವೆ. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ, ಪದ ಯಾವುದೆಂದು ಕೇಳಿದರು. ತುದಿನಾಲಿಗೆಯಲ್ಲೇ ಸಿಕ್ಕಿಕೊಂಡು ಒದ್ದಾಡಿದವರು, ಪದ ಹೊಳೆಯದಿದ್ದರೂ ಅದರ ಮೊದಲ ಅಕ್ಷರವನ್ನು ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿಯೇ ಊಹಿಸಿದ್ದರು. ಬಂತು ಬಂತು ಎನ್ನುತ್ತಾ ಬಾರದೆ ನಿಲ್ಲುವ ಸೀನಿಗೆ ಆ ಇಬ್ಬರು ಈ ಅವಸ್ಥೆಯನ್ನು ಹೋಲಿಸಿದರು. ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಇನ್ನೂ ಸಿಕ್ಕಿಲ್ಲ. 1999ರಲ್ಲಿ ಬೆನೆಟ್ ಶ್ವಾರ್ಟ್ಜ್ 51 ಭಾಷೆಗಳನ್ನು ವಿಚಾರಿಸಿ ನೋಡಿದಾಗ ಅವುಗಳಲ್ಲಿ 45 ಭಾಷೆಗಳು ಈ ಸ್ಥಿತಿಯನ್ನು ಹೇಳಲು ನಾಲಿಗೆಯನ್ನೇ ಕರೆದಿದ್ದವು.

ಭಾಷೆ ಒಂದು ಅನುಭವಕ್ಕೆ ಸಿದ್ಧಮಾತು ಕಟ್ಟಿಟ್ಟಿದೆ ಎಂದರೆ, ನಮಗಿಂತ ಮೊದಲು ಆ ಹಾದಿಯಲ್ಲಿ ಬಹಳ ಮಂದಿ ನಡೆದಿದ್ದಾರೆ ಎಂದರ್ಥ. ಮಾತು ಆಡುವಾಗಲೇ ಅವರೆಲ್ಲರ ಜೊತೆ ಸಿಕ್ಕಿಬಿಡುತ್ತದೆ. ಕನ್ನಡ ಈ ವಿಷಯದಲ್ಲಿ ಜಿಪುಣತನ ಮಾಡಿಲ್ಲ. ಕೈಬೀಸಿ ಕೆಟ್ಟವನಿಗೆ ‘ಪೆಚ್ಚಾದೆ’ ಎಂಬ ಮಾತಿದೆ. ಕುಳಿತಲ್ಲಿ ಕೂರಲಾರದೆ, ಎದ್ದು ಹೋಗಲೂ ಆರದೆ ಒದ್ದಾಡುವುದಕ್ಕೆ ‘ಇರಿಸುಮುರಿಸು’ ಇದೆ, ‘ಕಸಿವಿಸಿ’ ಇದೆ. ಈ ಪದಗಳ ಸದ್ದಿನಲ್ಲೇ ಆ ಒದ್ದಾಟ ಕೇಳಿಸುತ್ತದೆ. ಆದರೆ ಗೆಳತಿಯ ಬಡ್ತಿಯ ಸುದ್ದಿಗೆ ಚುರುಕ್ ಎಂದು, ಮರುಗಳಿಗೆಯೇ ಆರಿ, ನಿಜವಾದ ಸಂತೋಷಕ್ಕೆ ಜಾಗ ಬಿಟ್ಟುಕೊಡುತ್ತದಲ್ಲ, ಅದಕ್ಕೇನೆನ್ನುತ್ತೀರಿ? ‘ಹೊಟ್ಟೆಕಿಚ್ಚು’ ಎಂದರೆ ಕಡ್ಡಿಯನ್ನು ಗುಡ್ಡ ಮಾಡಿದಂತೆ. ಅಷ್ಟು ದೊಡ್ಡ ಬೈಗುಳದಂಥ ಪದವನ್ನು ಅಷ್ಟು ಚಿಕ್ಕ ಕಿಡಿಗೆ ಅಂಟಿಸಿಕೊಂಡ ಹುಡುಗಿ ರಾತ್ರಿಯಿಡೀ ತಾನು ಕೆಟ್ಟವಳೆಂದು ಹೊರಳಾಡುತ್ತಾಳೆ. ಸರಿಹೊಂದುವ ಮಾತು ಸಿಗದ ಕಡೆಯಲ್ಲೇ ಈ ಒಂಟಿತನ ಹೆಚ್ಚು ಎಂಬುದು ನನ್ನ ಅಂದಾಜು. ಇದಕ್ಕೆ ಪ್ರಯೋಗದ ಆಧಾರ ಕೇಳಬೇಡಿ, ಮೇಜಿನ ಹತ್ತಿರ ನಿಂತವರ ಮುಖ ನೋಡಿ ಹೇಳುತ್ತಿದ್ದೇನೆ.

ಪ್ರಯೋಗದ ಆಧಾರವಿರುವ ಕಾರಣವೂ ಒಂದಿದೆ, ಅದು ನಡೆಯುವುದು ನನ್ನ ತರಗತಿಯಲ್ಲೇ. ಪಾಠದ ಕಷ್ಟದ ಭಾಗ ಮುಗಿಸಿ "ಅರ್ಥವಾಯಿತೇ?" ಎನ್ನುತ್ತೇನೆ. ಅರವತ್ತು ಮುಖಗಳು. ಮೊದಲ ಸಾಲಿನಲ್ಲಿ ಒಂದೆರಡು ತಲೆ ಅಲ್ಲಾಡುತ್ತವೆ. ಮಧ್ಯದ ಸಾಲಿನ ಹುಡುಗ ಆ ತಲೆಗಳನ್ನು ನೋಡುತ್ತಾನೆ, ತಾನೂ ನಿಧಾನವಾಗಿ ತಲೆಯಾಡಿಸುತ್ತಾನೆ. ಅವನ ತಲೆಯನ್ನು ನೋಡಿ ಹಿಂದಿನ ಸಾಲು ಆಡಿಸುತ್ತದೆ. ಒಂದು ನಿಮಿಷದೊಳಗೆ ಇಡೀ ಕೋಣೆಗೆ ಅರ್ಥವಾಗಿಬಿಟ್ಟಿರುತ್ತದೆ. ಹೆಸರಿಲ್ಲದ ಚೀಟಿ ಹಂಚಿ ‘ತಿಳಿಯದ್ದನ್ನು ಬರೆಯಿರಿ’ ಎಂದರೆ ಮಾತ್ರ ನಿಜ ಹೊರಬೀಳುತ್ತದೆ. ಒಮ್ಮೆ ಹಾಗೆ ಬಂದ ಚೀಟಿಗಳಲ್ಲಿ ಮುಕ್ಕಾಲು ಪಾಲು ಒಂದೇ ಸಾಲನ್ನು ಬೇರೆ ಬೇರೆ ಕೈಬರಹದಲ್ಲಿ ಕೇಳಿದ್ದವು. ಒಂದರಲ್ಲಿ ಪ್ರಶ್ನೆಯ ಕೆಳಗೆ ‘ಕ್ಷಮಿಸಿ, ಇದು ಎಲ್ಲರಿಗೂ ಗೊತ್ತಿರಬಹುದು’ ಎಂದಿತ್ತು. ಮೊದಲ ಸಾಲಿನ ತಲೆಗಳಿಗೂ ಅರ್ಥವಾಗಿರಲಿಲ್ಲ ಎಂದು ನನಗೆ ಗುಮಾನಿ.

ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮ್ಯಾಕ್‌ಫಾರ್ಲೆಂಡ್ 1987ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚುಕಡಿಮೆ ಇದೇ ದೃಶ್ಯ. ಬೇಕೆಂದೇ ಗೋಜಲಾಗಿ ಬರೆದ ಲೇಖನವನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟು, ತೀರಾ ತಿಳಿಯದಿದ್ದರೆ ಬಂದು ಕೇಳಬಹುದು ಎಂದಿದ್ದರು. ಒಬ್ಬರೂ ಬರಲಿಲ್ಲ. ತಾನು ಕೇಳದಿದ್ದದ್ದು ಮುಜುಗರದಿಂದ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಉಳಿದವರು ಸುಮ್ಮನೆ ಕುಳಿತದ್ದಕ್ಕೆ ಮಾತ್ರ ಅವರಿಗೆ ತನಗಿಂತ ಚೆನ್ನಾಗಿ ತಿಳಿದಿದೆ ಎಂಬ ಅರ್ಥ ಹಚ್ಚಿಕೊಂಡರು. ಒಂದೇ ಮೌನ. ನನ್ನದಾದಾಗ ಅಂಜಿಕೆ, ನಿಮ್ಮದಾದಾಗ ಜಾಣತನ.

ದುಃಖದ ವಿಷಯದಲ್ಲೂ ಇದೇ ಲೆಕ್ಕ ತಪ್ಪುತ್ತದೆ. ಅಲೆಕ್ಸಾಂಡರ್ ಜೋರ್ಡನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಓರಗೆಯವರ ಬೇಸರ, ಸಂಕಟಗಳನ್ನು ಇದ್ದುದಕ್ಕಿಂತ ಕಡಿಮೆಯೆಂದೇ ಎಣಿಸಿದ್ದರು. ಹಾಗೆ ಎಣಿಸಿದವರಲ್ಲಿ ಒಂಟಿತನವೂ ಹೆಚ್ಚಾಗಿತ್ತು. ಇದರಲ್ಲಿ ಗೂಢವೇನೂ ಇಲ್ಲ. ನಾವು ನಗುವುದು ನಡುಮನೆಯಲ್ಲಿ, ಅಳುವುದು ಬಚ್ಚಲುಮನೆಯಲ್ಲಿ. ಇನ್ನೊಬ್ಬರ ನಡುಮನೆಯವರೆಗೆ ಮಾತ್ರ ಹೋಗಿ ಬಂದವರಿಗೆ ಅವರ ಮನೆಯಲ್ಲಿ ಬಚ್ಚಲೇ ಇಲ್ಲ ಎನ್ನಿಸಿದರೆ ಆಶ್ಚರ್ಯವೇನು?

ಇಷ್ಟೆಲ್ಲ ಗೊತ್ತಿರುವವಳು ತಾನು ಬಚಾವಾಗಿರಬೇಕಲ್ಲವೇ? ಕೇಳಿ. ಒಂದು ದಿನ ತಡವಾಗಿ ಎದ್ದು, ಕತ್ತಲೆಯ ಮೂಲೆಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಕಾಲೇಜಿನ ಮೆಟ್ಟಿಲು ಹತ್ತುವಾಗ ಕೆಳಗೆ ನೋಡಿದರೆ ಎಡಗಾಲಿನದು ಕಪ್ಪು, ಬಲಗಾಲಿನದು ಕಂದು. ಅಂದು ನಾಲ್ಕು ತರಗತಿಗಳನ್ನು ನಾನು ಮೇಜಿನ ಹಿಂದಿನಿಂದ ಕದಲದೆ ತೆಗೆದುಕೊಂಡೆ. ಬೋರ್ಡಿಗೆ ಬರೆಯುವಾಗ ಬಲಗಾಲನ್ನು ಎಡಗಾಲಿನ ಹಿಂದೆ ಅಡಗಿಸಿ ಕೊಕ್ಕರೆಯಂತೆ ನಿಂತೆ. ಯಾರೋ ಕಿಸಕ್ಕೆಂದರೆ ನನ್ನ ಪಾದವೇ ಬೆಚ್ಚಗಾಗುತ್ತಿತ್ತು. ಸಂಜೆ ತಡೆಯಲಾರದೆ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು ಆ ದಿನ ಮೊದಲ ಬಾರಿಗೆ ನನ್ನ ಕಾಲಿನ ಕಡೆ ನೋಡಿದರು. ಬೆಳಗಿನಿಂದ ಮೂರು ಸಲ ಜೊತೆಯಲ್ಲಿ ಕುಳಿತಿದ್ದೆವು.

ಇದರ ಪ್ರಯೋಗವನ್ನು ನಾನೇ ಪ್ರತಿ ವರ್ಷ ಪಾಠ ಮಾಡುತ್ತೇನೆ ಎನ್ನುವುದು ತಮಾಷೆ. ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು. ಹಾಕಿಕೊಳ್ಳಲು ನಾಚಿಕೆಯಾಗುವಂತೆ ಗಾಯಕ ಬ್ಯಾರಿ ಮ್ಯಾನಿಲೋ ಅವರ ಮುಖವಿದ್ದ ಟಿ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದ ಸುಮಾರು ಅರ್ಧದಷ್ಟು ಮಂದಿ ಆ ಮುಖವನ್ನು ಗುರುತಿಸುತ್ತಾರೆ ಎಂದು ತೊಟ್ಟವರು ಎಣಿಸಿದ್ದರು. ಗುರುತಿಸಿದವರು ಸುಮಾರು ಕಾಲು ಭಾಗ. ಆ ಕಾಲು ಭಾಗವನ್ನು ನಾನು ಮರೆತಿದ್ದೆ. ನನ್ನ ಕಾಲಿನ ಪ್ರಸಂಗ ನಡೆದು ಎರಡು ವರ್ಷವಾದ ಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿ, "ಅವತ್ತು ಎರಡು ಬಣ್ಣದ ಚಪ್ಪಲಿ ಹಾಕಿದ್ದಿರಿ, ಹೊಸ ಫ್ಯಾಷನ್ ಎಂದುಕೊಂಡಿದ್ದೆ ಮೇಡಂ" ಎಂದಳು. ನೋಡುವವರು ನೋಡುತ್ತಾರೆ. ಅದರಿಂದ ನಾವು ಊಹಿಸಿದ ತೀರ್ಪನ್ನೇ ಕೊಡುತ್ತಾರೆ ಎಂದೇನಿಲ್ಲ.

ಇಷ್ಟು ಓದಿ ‘ಹಾಗಾದರೆ ಎಲ್ಲರೂ ಒಳಗೆ ಒಂದೇ’ ಎಂಬ ತೀರ್ಮಾನಕ್ಕೆ ಬರುತ್ತಿದ್ದರೆ ಸ್ವಲ್ಪ ತಾಳಿ. ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದ. ಬೆಳಿಗ್ಗೆ ನೀವು ಕುಳಿತಿದ್ದ ಉಪಾಹಾರದ ಮೇಜನ್ನು ಮನಸ್ಸಿನಲ್ಲಿ ತಂದುಕೊಳ್ಳಿ, ಚಿತ್ರ ಎಷ್ಟು ಸ್ಪಷ್ಟವಾಗಿದೆ? ಅವನ ವಿಜ್ಞಾನಿ ಗೆಳೆಯರಲ್ಲಿ ಹಲವರು, ಚಿತ್ರವೆಲ್ಲಿಂದ ಬಂತು, ‘ಮನಸ್ಸಿನ ಕಣ್ಣು’ ಎನ್ನುವುದು ಬರೀ ಮಾತಿನ ಅಲಂಕಾರವಲ್ಲವೇ ಎಂದುಬಿಟ್ಟರು. ಹೀಗೆ ಮನಸ್ಸಿನಲ್ಲಿ ಚಿತ್ರವೇ ಮೂಡದಿರುವ ಸ್ಥಿತಿಗೆ ಆ್ಯಡಮ್ ಝೀಮನ್ ಮತ್ತು ಸಂಗಡಿಗರು 2015ರಲ್ಲಿ ‘ಅಫ್ಯಾಂಟೇಸಿಯ’ ಎಂದು ಹೆಸರಿಟ್ಟರು. ನೂರರಲ್ಲಿ ಒಬ್ಬರಿಂದ ನಾಲ್ವರವರೆಗೆ ಹೀಗಿರುತ್ತಾರೆ. ಇದನ್ನು ಪಾಠ ಮಾಡಿದ ದಿನ ಒಬ್ಬ ಹುಡುಗ ಕೈಯೆತ್ತಿ, "ಅಂದರೆ ಕಣ್ಣು ಮುಚ್ಚಿದರೆ ನಿಮಗೆಲ್ಲ ನಿಜವಾಗಿಯೂ ಕಾಣಿಸುತ್ತದೆಯೇ?" ಎಂದು ಕೇಳಿದ. ತರಗತಿ ನಕ್ಕಿತು. ಅವನು ನಗಲಿಲ್ಲ. ಇಪ್ಪತ್ತು ವರ್ಷ ಅವನು ಇದನ್ನು ಯಾರಲ್ಲೂ ಕೇಳಿರಲಿಲ್ಲ, ಏಕೆಂದರೆ ಕೇಳಬೇಕಾದದ್ದೇನಾದರೂ ಇದೆ ಎಂದೇ ಅವನಿಗೆ ತೋರಿರಲಿಲ್ಲ.

ನಾಚಿಕೆಯಿಂದ ಮುಚ್ಚಿಟ್ಟದ್ದೆಲ್ಲ ನಮ್ಮೊಬ್ಬರದೇ ಎಂದುಕೊಳ್ಳುತ್ತೇವೆ. ಮುಚ್ಚಿಡಬೇಕೆಂದೂ ತೋರದಷ್ಟು ಸಹಜವಾದದ್ದು ಎಲ್ಲರದೂ ಎಂದುಕೊಳ್ಳುತ್ತೇವೆ. ಎರಡು ಕಡೆಯೂ ಎಡವುತ್ತೇವೆ.

ನಾನು ಎಡವಿದ್ದು ಇನ್ನೊಂದು ಕಡೆ. ಹಲವು ವರ್ಷಗಳ ಹಿಂದೆ ಒಬ್ಬಳು ಹೀಗೆಯೇ ಚೀಲದ ಜಿಪ್ ಎಳೆಯುತ್ತಾ ನಿಂತಿದ್ದಳು. ಪರೀಕ್ಷೆಯ ಕೋಣೆಯ ಹತ್ತಿರ ಹೋದರೆ ಎದೆ ಡವಗುಟ್ಟುತ್ತದೆ, ಬೆರಳು ಮರಗಟ್ಟುತ್ತದೆ, ನನಗೆ ಮಾತ್ರವೇ ಎಂದು ಕೇಳಿದಳು. ನನಗೆ ಮುಂದಿನ ತರಗತಿಗೆ ಹೊತ್ತಾಗಿತ್ತು. ಗೋಡೆ ಗಡಿಯಾರ ನೋಡುತ್ತಲೇ "ಎಲ್ಲರಿಗೂ ಆಗುತ್ತದೆ ಬಿಡು" ಎಂದೆ. "ಹೌದೇ?" ಎಂದು ನಕ್ಕು ಹೋದಳು. ಆ ಸಲದ ಪರೀಕ್ಷೆಯ ಹಾಜರಾತಿ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಎರಡನೆಯ ವಿಷಯದಿಂದ ಕೊನೆಯವರೆಗೆ ಸಹಿ ಇರಲಿಲ್ಲ. ದಿನಾ ಬರುತ್ತಿದ್ದಳಂತೆ, ಗೇಟಿನ ಹತ್ತಿರ ನಿಂತು ಹಿಂದಿರುಗುತ್ತಿದ್ದಳಂತೆ.

ನಾನು ಹೇಳಿದ್ದು ಸುಳ್ಳಲ್ಲ. ಎಲ್ಲರಿಗೂ ಆಗುತ್ತದೆ. ಆದರೆ ಬೀಗವನ್ನು ಒಮ್ಮೆ ಎಳೆದು ನೋಡುವುದು ಬೇರೆ, ಇಪ್ಪತ್ತು ಸಲ ಎಳೆದು ಕಚೇರಿಗೆ ಹೋಗುವುದನ್ನೇ ಬಿಡುವುದು ಬೇರೆ. ಹೊರಗಿನಿಂದ ಎರಡಕ್ಕೂ ಒಂದೇ ಹೆಸರು. ಅವಳು ಕೇಳಿದ್ದು ತನ್ನದು ಎಷ್ಟು ಎಂದು, ನಾನು ಉತ್ತರಿಸಿದ್ದು ಎಷ್ಟು ಜನಕ್ಕೆ ಎಂದು. ಸಮಾಧಾನದ ಮಾತು ಅವಳ ಬಾಯಿ ಮುಚ್ಚಿಸಿತು. ಇಂಥದ್ದು ವಾರಗಟ್ಟಲೆ ನಿದ್ದೆ, ಓದು, ಕೆಲಸವನ್ನು ಕಿತ್ತುಕೊಳ್ಳುತ್ತಿದ್ದರೆ ಅದು ನನ್ನ ಮೇಜಿನ ಹತ್ತಿರ ಮುಗಿಯುವ ಮಾತಲ್ಲ, ವೈದ್ಯರಲ್ಲಿಗೋ ಆಪ್ತಸಲಹೆಗಾರರಲ್ಲಿಗೋ ಒಯ್ಯಬೇಕಾದ ಮಾತು.

ಈಗ ಉತ್ತರಕ್ಕೆ ಮೊದಲು ನಾನೇ ಕೇಳುತ್ತೇನೆ: ಎಷ್ಟು ದಿನದಿಂದ? ಆಗ ಏನು ಮಾಡುತ್ತೀಯ? ಹೆಚ್ಚಿನ ಸಲ ಅದು ಏನೂ ಅಲ್ಲದ ವಿಷಯವೇ ಆಗಿರುತ್ತದೆ. ಕಳೆದ ತಿಂಗಳು ಬಂದ ಹುಡುಗನೊಬ್ಬ ತನ್ನ ಭಾಷಣದ ರೆಕಾರ್ಡಿಂಗ್ ಕೇಳಿ ದಿಗಿಲುಬಿದ್ದಿದ್ದ. ಅಷ್ಟು ಕೀರಲು ದನಿ ತನ್ನದಾಗಿರಲು ಸಾಧ್ಯವೇ ಇಲ್ಲ ಎಂಬುದು ಅವನ ವಾದ. ನಮ್ಮ ದನಿ ನಮಗೆ ಗಾಳಿಯ ಮೂಲಕವಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ಮೂಳೆ ತಗ್ಗಿನ ಸ್ವರಗಳನ್ನು ಎತ್ತಿಕೊಡುತ್ತದೆ, ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ, ಹಾಗಾಗಿ ತೆಳ್ಳಗೆ ಕೇಳಿಸುತ್ತದೆ ಎಂದು ವಿವರಿಸಿದೆ. ಅವನಿಗೆ ನೆಮ್ಮದಿಯಾದಂತೆ ಕಂಡಿತು. ಆಮೇಲೆ ಏನೋ ಹೊಳೆದು ಮುಖ ಮತ್ತೆ ಸಪ್ಪಗಾಯಿತು.

"ಅಂದರೆ ಉಳಿದವರಿಗೆಲ್ಲ ನಾನು ಯಾವಾಗಲೂ ಕೇಳಿಸುವುದು ಹಾಗೆಯೇ?"

ಹೌದು ಎಂದೆ.

"ನಿಮ್ಮದು ಕೇಳಿದಾಗ ನಿಮಗೂ ಹಾಗೆಯೇ ಅನ್ನಿಸುತ್ತದೆಯೇ ಮೇಡಂ?"

ಆನ್‌ಲೈನ್ ತರಗತಿಗಳ ಕಾಲದಲ್ಲಿ ದಾಖಲಾದ ನನ್ನ ಪಾಠಗಳು ಕಂಪ್ಯೂಟರಿನಲ್ಲಿ ಎರಡು ವರ್ಷದಷ್ಟಿವೆ. ಅವುಗಳಲ್ಲಿ ಒಂದನ್ನೂ ನಾನು ಇವತ್ತಿನವರೆಗೆ ತೆರೆದಿಲ್ಲ ಎಂದು ಅವನಿಗೆ ಹೇಳಿದೆ.