ಒಂದು ಓಟಿಗೆ ಎಷ್ಟು?

ಚಿಕ್ಕಮಗಳೂರಿನ ನಮ್ಮ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು, ಅನುಪಾತದ ಪಾಠ ಬಂದಾಗ ಪುಸ್ತಕದ ಪೆನ್ನಿನ ಲೆಕ್ಕಗಳನ್ನು ಬೇಗ ಮುಗಿಸಿಬಿಟ್ಟರು. ಡಜನ್‌ಗೆ 60 ರೂಪಾಯಿ, ಒಂದಕ್ಕೆ 5, ಏಳಕ್ಕೆ 35. ಮೂರು ಗೊತ್ತಿದ್ದರೆ ನಾಲ್ಕನೆಯದು ಸಿಗುತ್ತೆ. ಆರ್ಯಭಟ 499ರಲ್ಲೇ ಬರೆದಿಟ್ಟ ತ್ರೈರಾಶಿಕವೂ ಇದೇ ಅಂದರು. ಆಮೇಲೆ, "ತೋಟ ಇರೋರು ನಾಳೆ ಒಣಗಿದ ರೋಬಸ್ಟಾ ಚೆರ್ರಿ ತನ್ನಿ" ಅಂದರು. ಚೆರ್ರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ರೋಬಸ್ಟಾ ಕಾಫಿಯ ಒಂದು ಜಾತಿ.

ಆ ಪಾಠ ನಮ್ಮೂರಿಗೆ ಬೇಕಾಗಿಯೂ ಇತ್ತು. ಮುಂಚೆ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಟ್ಟರೆ ಆಯ್ತು, ಎಲ್ಲರದ್ದನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುತ್ತಿತ್ತು. 1996ರ ಹೊತ್ತಿಗೆ ಬೆಳೆಗಾರರೆಲ್ಲ ತಾವೇ ಮಾರುವಂತಾಗಿತ್ತು. ವ್ಯಾಪಾರಿಯ ಎದುರು ಕೂತು ದರ ಮಾತಾಡಬೇಕು. ಒಬ್ಬ 50 ಕೆಜಿ ಮೂಟೆಗೆ ಇಷ್ಟು ಅನ್ನುತ್ತಾನೆ, ಇನ್ನೊಬ್ಬ ಒಂದು ಓಟಿಗೆ ಇಷ್ಟು ಅನ್ನುತ್ತಾನೆ. ಓಟಿ ಅಂದರೆ ಔಟ್‌ಟರ್ನ್: ಒಂದು ಮೂಟೆ ಚೆರ್ರಿಯ ಹೊಟ್ಟು ತೆಗೆದರೆ ಉಳಿಯುವ ಬೀಜ ಎಷ್ಟು ಕೆಜಿ ಅನ್ನುವ ಲೆಕ್ಕ.

ಮೇಷ್ಟ್ರು ಲ್ಯಾಬ್‌ನ ತಕ್ಕಡಿಯಲ್ಲಿ 100 ಗ್ರಾಂ ಚೆರ್ರಿ ತೂಗಿಸಿದರು. ಸಣ್ಣ ಒರಳಲ್ಲಿ ಹಗುರವಾಗಿ ಕುಟ್ಟಿ, ಹೊಟ್ಟು ಊದಿ, ಬೀಜ ಒಂದೊಂದಾಗಿ ಆರಿಸಿದೆವು. ಆಲ್ದೂರು ಕಡೆಯ ಹುಡುಗ ತಂದಿದ್ದರಲ್ಲಿ 52 ಗ್ರಾಂ ಬೀಜ ಬಂತು, ಮೂಡಿಗೆರೆ ಕಡೆಯ ಹುಡುಗಿಯದರಲ್ಲಿ 56. ಬೋರ್ಡ್ ಮೇಲೆ 100 : 52 = 50 : 26 ಅಂತ ಬರೆದರು. ಹುಡುಗನದು 26 ಓಟಿ. ಹುಡುಗಿಯದು 28.

ಈಗ ಲೆಕ್ಕ. ಒಬ್ಬ ಮೂಟೆಗೆ 1,500 ರೂಪಾಯಿ ಕೊಡುತ್ತಾನೆ, ಇನ್ನೊಬ್ಬ ಓಟಿಗೆ 56. ಯಾರಿಗೆ ಮಾರಬೇಕು? ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. 26 ಓಟಿಗೆ 1,456 ಬರುತ್ತದೆ, ಹಾಗಾಗಿ ಹುಡುಗ ಮೂಟೆ ಲೆಕ್ಕದಲ್ಲೇ ಕೊಡಬೇಕು. 28ಕ್ಕೆ 1,568, ಹುಡುಗಿ ಓಟಿ ಲೆಕ್ಕದಲ್ಲಿ ಕೊಟ್ಟರೆ 68 ರೂಪಾಯಿ ಜಾಸ್ತಿ. ದರ ಅದೇ, ಉತ್ತರ ಬೇರೆ! "ಒಂದರ ಬೆಲೆ ಕಂಡುಹಿಡಿಯೋದು ಸುಲಭ. ಯಾವುದನ್ನ ಒಂದು ಅಂತ ಇಟ್ಕೊಂಡಿದೀಯ, ಅದನ್ನ ಮೊದಲು ಹೇಳು" ಅನ್ನುತ್ತಿದ್ದರು. ಇಷ್ಟು ಚೆನ್ನಾಗಿ ಈ ಪಾಠವನ್ನು ಯಾರೂ ಮಾಡಲಾರರು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಮರುದಿನ ಅಂಗಡಿಯ ಕಾಫಿಪುಡಿಯ ಲೆಕ್ಕ. 200 ಗ್ರಾಂ ಪ್ಯಾಕೆಟ್ಟು ಅಗ್ಗ ಅನ್ನುವ ಮುಂಚೆ ಅದರಲ್ಲಿ ಚಿಕೋರಿ ಎಷ್ಟಿದೆ ನೋಡಿ ಅಂದರು. 80 : 20 ಅಂತಿದ್ದರೆ ಕಾಫಿ ಬರೀ 160 ಗ್ರಾಂ, ಅಲ್ವಾ?

ಈಗ ನಾನೇ ತೋಟ ನೋಡಿಕೊಳ್ಳುತ್ತೇನೆ. ಓಟಿ ದರ ದಿನಾ ಮೊಬೈಲಿಗೇ ಬರುತ್ತದೆ. ಆದರೂ ಮಾರುವ ಮುಂಚೆ 100 ಗ್ರಾಂ ಕುಟ್ಟಿ ತೂಗಿ ನೋಡದೆ ಮಾತಿಗೆ ಕೂರುವುದಿಲ್ಲ. ಈಗಿನ ಏಳನೇ ತರಗತಿಯ ಮಕ್ಕಳೂ ಒಮ್ಮೆ ಇದನ್ನು ಕೈಯಾರೆ ಮಾಡಲಿ ಅಂತ ನನ್ನಾಸೆ. ಕಣದಲ್ಲಿ ಚೆರ್ರಿ ಒಣಗುವ ಹೊತ್ತಿಗೆ ಹೇಳಿ ಕಳಿಸಿ, ಶಾಲೆಗೆ ಬೇಕಾದಷ್ಟು ನಾನೇ ತಂದುಕೊಡುತ್ತೇನೆ.