ಹೆಡ್‌ಫೋನ್ ಹಾಕ್ಕೊಂಡು ಬರೆಯೋ ಇಂಗ್ಲಿಷ್ ಪರೀಕ್ಷೆ

ನಾನು ವುಹಾನ್‌ನಲ್ಲಿ ಎಂಬಿಬಿಎಸ್ ಓದ್ತಿದ್ದಾಗ ಜೂನ್ ಬಂತು ಅಂದ್ರೆ ಸಾಕು, ಕ್ಯಾಂಪಸ್ ತುಂಬಾ ಚೀನೀ ಹುಡುಗ್ರು ದಪ್ಪ ದಪ್ಪ ಹೆಡ್‌ಫೋನ್ ಹಾಕ್ಕೊಂಡು ಓಡಾಡೋರು. ಹಾಡು ಕೇಳೋಕಲ್ಲ, ಅದು ಎಫ್‌ಎಂ ರೇಡಿಯೋ ಹೆಡ್‌ಫೋನು. ಅಲ್ಲಿ ಡಿಗ್ರಿ ಹುಡುಗ್ರು ಬರೆಯೋ ಇಂಗ್ಲಿಷ್ ಪರೀಕ್ಷೆ ಒಂದಿದೆ, ಸಿಇಟಿ-ಫೋರ್ ಅಂತ (ನಮ್ಮ ಸಿಇಟಿ ಅಲ್ಲ ಮಾರಾಯ್ರೆ), 1987ರಿಂದ ನಡೀತಿದೆ, 710 ಮಾರ್ಕ್ಸಿಂದು, ಅದ್ರಲ್ಲಿ 35 ಪರ್ಸೆಂಟು ಬರೀ ಲಿಸನಿಂಗು. ಆ ಆಡಿಯೋನ ಎಷ್ಟೋ ಕಾಲೇಜಲ್ಲಿ ಕ್ಯಾಂಪಸ್ ಎಫ್‌ಎಂನಲ್ಲೇ ಬಿಡ್ತಾರೆ.

ನನ್ ಜೊತೆ ಬ್ಯಾಡ್ಮಿಂಟನ್ ಆಡ್ತಿದ್ದ ಜೂನಿಯರ್ ಒಬ್ಬ ಪರೀಕ್ಷೆ ಹಿಂದಿನ ಸಂಜೆ ಬಂದು, ನ್ಯೂಸ್ ಓದಿ ಹೇಳು ಅಂತ ಹಿಡ್ಕೊಂಡ. 2016ರಿಂದ ಪೇಪರಲ್ಲಿ ಮೂರು ನ್ಯೂಸ್ ರಿಪೋರ್ಟ್ ಹಾಕ್ತಾರೆ, ರೇಡಿಯೋಲಿ ಓದೋ ಥರಾನೇ, ಒಂದೇ ಸಲ ಕೇಳ್ಸೋದು. ಅವನ ನೋಟ್‌ಬುಕ್ ನೋಡ್ಬೇಕಿತ್ತು, ಆ್ಯಂಕರ್, ಕರೆಸ್ಪಾಂಡೆಂಟ್, ಪ್ರೈಮ್ ಟೈಮ್, ಲೈವ್ ಕವರೇಜ್, ಪಕ್ಕದಲ್ಲೇ ಚೀನೀ ಅರ್ಥ, ಯಾವುದು ಕೇಳಿದ್ರೂ ಪಟ್ ಅಂತ ಹೇಳೋನು. ಆದ್ರೆ ನಾನು ಓದೋಕೆ ಶುರು ಮಾಡಿದ್ರೆ 'ಕರೆಸ್ಪಾಂಡೆಂಟ್' ಅನ್ನೋ ಹತ್ರ ಅವನ ಕಣ್ಣು ಮೇಲಕ್ಕೆ ಹೋಗೋದು, ಸ್ಪೆಲ್ಲಿಂಗ್ ನೆನಪು ಮಾಡ್ಕೊತಿದ್ದ ಪಾಪ, ಅಷ್ಟರಲ್ಲಿ ಬೆಂಕಿ ಬಿದ್ದಿದ್ದು, ಊರು, ಎಷ್ಟು ಜನ ಅನ್ನೋದು ಎಲ್ಲಾ ದಾಟಿ ಹೋಗಿರೋದು.

ನನ್ನ ಕೇಳಿದ್ರೆ ಆ ಪಟ್ಟಿ ಉರು ಹೊಡೆಯೋದೇ ದಂಡ. ಅಮ್ಮ ದೋಸೆ ಹುಯ್ತಾ ಪ್ರದೇಶ ಸಮಾಚಾರ ಕೇಳಿ ಯಾವ ಡ್ಯಾಮ್ ತುಂಬ್ತು, ಎಲ್ಲಿ ಬಸ್ ಪಲ್ಟಿ ಆಯ್ತು ಅಂತ ಪೂರ್ತಿ ಹೇಳೋಳು, ಓದಿದ್ದು ಯಾರು ಅಂತ ಯಾವತ್ತೂ ತಲೆ ಕೆಡಿಸ್ಕೊಂಡಿಲ್ಲ. ಅದನ್ನೇ ಅವನಿಗೂ ಹೇಳ್ದೆ, ವರದಿಗಾರನ್ನ ಬಿಟ್ಹಾಕು, ಊರು, ಸಂಖ್ಯೆ, ಏನಾಯ್ತು ಇಷ್ಟನ್ನ ಹಿಡ್ಕೋ ಅಂತ. ನಿಧಾನಕ್ಕೆ ಓದು ಅಂದ, ವಾಯ್ಸ್ ಆಫ್ ಅಮೆರಿಕ ರೇಡಿಯೋದವರು ಇಂಗ್ಲಿಷ್ ಕಲಿಯೋರಿಗೆ ಅಂತ ಮಾಡ್ತಿದ್ದ ಸ್ಪೆಷಲ್ ಇಂಗ್ಲಿಷ್ ಕೇಳಿ ರೂಢಿ ಅವ್ನಿಗೆ, 1959ರಲ್ಲಿ ಶುರುವಾಗಿದ್ದು, ಸುಮಾರು 1500 ಪದದೊಳಗೇ ಎಳೆದೆಳೆದು ಓದ್ತಿದ್ರು. ಪರೀಕ್ಷೇಲಿ ಅಷ್ಟು ನಿಧಾನ ಯಾರೂ ಓದಲ್ಲಪ್ಪ ಅಂದೆ. ನಿನ್ 'ರ' ಜಾಸ್ತಿ ಅದುರುತ್ತೆ ಅಂತ ನಂಗೇ ತಿರುಗಿಸಿ ಕೊಟ್ಟ. ಆಮೇಲೆ ಸೆಖೆಗೆ ಬೆವರು ಸುರಿಸ್ಕೊಂಡು ಮೈದಾನದಲ್ಲಿ ಕ್ಯಾಂಪಸ್ ಎಫ್‌ಎಂ ಎಲ್ಲಿ ಕ್ಲಿಯರ್ ಸಿಗುತ್ತೆ ಅಂತ ಸುತ್ತು ಹಾಕಿದ್ವಿ, ಅಂಗಡೀಲಿ ಹೊಸ ಬ್ಯಾಟರಿ ತಗೊಂಡ.

ಮಾರನೇ ದಿನ ಮಧ್ಯಾಹ್ನ ಕ್ಯಾಂಟೀನಲ್ಲಿ ಸಿಕ್ಕಿದ. ಮೊದಲ್ನೇ ಎರಡು ನ್ಯೂಸ್ ಆರಾಮಾಗಿ ಸಿಕ್ತಂತೆ. ಮೂರನೇದು ಶುರುವಾಗ್ತಿದ್ದ ಹಾಗೆ ಪಕ್ಕದ ಹುಡುಗಿ ಹೆಡ್‌ಫೋನ್ ಬ್ಯಾಟರಿ ಖಾಲಿ ಆಗಿ ಅವಳು ಕೈ ಎತ್ತಿ, ಸೂಪರ್‌ವೈಸರ್ ಬೇರೆ ಹೆಡ್‌ಫೋನ್ ತರೋಕೆ ಓಡಿ, ಇವನು ಅದನ್ನೇ ನೋಡ್ತಾ ಕೂತಿದ್ದನಂತೆ. ರಿಸಲ್ಟ್ ಆಗಸ್ಟ್‌ಗೆ.